ತೋಪಿನ ಕಾಡುಪಾಪ

ಹುಣಸೆಹಣ್ಣು ಕಿವುಚಿದ ಕೈ ಮುಖದ ಹತ್ತಿರ ಬಂದರೆ ಇಂದಿಗೂ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ.

ಕೊಳ್ಳೇಗಾಲದ ನಮ್ಮ ಬೀದಿಯ ಹಿಂದೆ ಹುಣಸೆ ತೋಪಿತ್ತು. ಅದರ ನಡುವಿನ ಮರದಲ್ಲಿ ಒಂದು ಕಾಡುಪಾಪ ಹಗಲೆಲ್ಲ ಮುದುರಿಕೊಂಡು ಮಲಗಿರುತ್ತಿತ್ತು. ಬೆಕ್ಕಿನ ಮರಿಯಷ್ಟು ಮೈ, ಗೋಲಿಯಂಥ ಕಣ್ಣು. ಆ ಕಣ್ಣಿಗಾಗಿಯೇ ಅದನ್ನು ಹಿಡಿದು ಮಾಟಗಾರರಿಗೆ ಮಾರುವವರಿದ್ದರು.

ಆ ಮಧ್ಯಾಹ್ನ ನಾನೂ ಅಜ್ಜಿಯೂ ಉದುರಿದ ಹಣ್ಣು ಆಯುತ್ತಿದ್ದಾಗ ಬಿಳಿ ಅಂಗಿಯವನೊಬ್ಬ ಬಂದ. ಕಂಕುಳಲ್ಲಿ ಮುಚ್ಚಳ ಬಿಗಿದ ಬುಟ್ಟಿ.

"ಮುನ್ಸಿಪಾಲ್ಟಿಯಿಂದ ಬಂದಿವ್ನಿ ಕಣಜ್ಜಿ, ಮರ ಎಣ್ಸಕೆ," ಎಂದ.

"ಮರ ಎಣ್ಸಕೆ ಬುಟ್ಟಿ ಯಾಕಪ್ಪ?"

"ಊಟದ್ದು ಕಣಜ್ಜಿ."

ಅಜ್ಜಿ ಹಣ್ಣಿನ ಸಿಪ್ಪೆ ಬಿಡಿಸುತ್ತಲೇ ಅವನನ್ನು ನೋಡಿದಳು. ಆಮೇಲೆ ನನ್ನ ಕಿವಿಯಲ್ಲಿ, "ಮರ ಎಣ್ಸೋನು ಬುಡ ನೋಡ್ತನೆ ಕಣವ್ವ. ಇವ್ನು ಕೊಂಬೇನೆ ನೋಡ್ತಾವ್ನೆ," ಎಂದಳು.

ಅವನು ನನ್ನ ಅಂಗೈಗೆ ಪೆಪ್ಪರಮಿಂಟು ಇಟ್ಟು ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ಪುಟ್ಟಿ, ಇಲ್ಲಿ ಕಾಡ್ಪಾಪ ಅದೆ ಅಂತಾರಲ್ಲ, ಯಾವ್ ಮರ?"

ನಾನು ಬಾಯಿ ಬಿಡಲಿಲ್ಲ. ಆದರೂ ಅಜ್ಜಿಯ ಅಂಟಂಟು ಅಂಗೈ ಬಂದು ನನ್ನ ಕಣ್ಣನ್ನು ಮುಚ್ಚಿತು.

"ಮಗೀನ್ ಕಣ್ಗೆ ದೂಳ್ ಬಿದ್ದದೆ," ಎಂದಳು ಅಜ್ಜಿ. "ಕಾಡ್ಪಾಪ ಆಗ್ಲೇ ಸುಡುಗಾಡಿನ್ ಆಲದ್ ಮರಕ್ಕೆ ಓಯ್ತು. ಅಲ್ಲೋಗಿ ನೋಡಪ್ಪ."

ಅವನ ಚಪ್ಪಲಿಯ ಸದ್ದು ದೂರವಾದ ಮೇಲೂ ಅವಳು ಕೈ ತೆಗೆಯಲಿಲ್ಲ.

"ನಾನೇನೂ ಯೋಳ್ನಿಲ್ವಲ್ಲಜ್ಜಿ," ಎಂದೆ.

"ಬಾಯಿ ಯೋಳ್ನಿಲ್ಲ ಕಣವ್ವ. ಕಣ್ಣು ಆಗ್ಲೇ ಅರ್ಧ ಮರ ಏರ್ಬುಟ್ಟಿತ್ತು."