ಉಳಿದಿದ್ದ ಒಂದು ಮಾತು

“ರೈಟ್!” ಎಂದು ಗದರಿ, ಮಂಚದ ಮೇಲೆ ಕೂತಿದ್ದ ಕಂಡಕ್ಟರ್ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

ಆಗಷ್ಟೇ ಚಪ್ಪಲಿ ಬಿಟ್ಟು ಒಳಗೆ ಬಂದಿದ್ದ, ಅವರ ಬಸ್ಸಿನ ಡ್ರೈವರ್ ಬಾಗಿಲಲ್ಲೇ ನಿಂತ. “ಅತ್ತಿಗೆ, ಅಣ್ಣ ಏನಂತಾನೆ?”

“ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ, ಈಗ ಬಂದ್ಯಾ ಅಂತಾರೆ. ಕೂತ್ಕೋ, ಹಾಲು ಕಾಯೋಕಿಟ್ಟು ಬಂದೆ,” ಎಂದಳು ಕಂಡಕ್ಟರ ಹೆಂಡತಿ.

ಲಕ್ವ ಹೊಡೆದು ಕಂಡಕ್ಟರ ಒಂದು ಕೈ, ಒಂದು ಕಾಲು ಸೋತಿದ್ದವು. ಮಾತೆಲ್ಲ ಹೋಗಿ, ಬಸ್ಸಿನ ಪಕ್ಕೆಗೆ ಕೈ ತಟ್ಟಿ ಜೀವಮಾನವೆಲ್ಲ ಕೂಗಿದ ಅದೊಂದು ಇಂಗ್ಲಿಷ್ ಪದ ಮಾತ್ರ ಬಾಯಲ್ಲಿ ಉಳಿದಿತ್ತು. ಅವಳಿಗೆ ಅಷ್ಟು ಸಾಕಾಗಿತ್ತು. ರೈಟ್ ಅನ್ನು ಮೊಟಕಾಗಿ ಅಂದರೆ ಸಾರಿಗೆ ಉಪ್ಪು ಸಾಲದು. ಎಳೆದು ಅಂದರೆ ಹೊಟ್ಟೆ ತುಂಬಿತು. ಮೂಗಿನಲ್ಲಿ ಅಂದರೆ ದೀಪ ಆರಿಸು. ಮಗಳ ಫೋನ್ ಬಂದಾಗ ಅನ್ನುವ ರೈಟ್‌ಗೆ ಮಾತ್ರ ಅವಳು ಯಾರಿಗೂ ಅರ್ಥ ಹೇಳುತ್ತಿರಲಿಲ್ಲ.

“ಸರಿ ಅನ್ನೋಕೂ ಅದೇ, ಬಲಗಡೆಗೂ ಅದೇ, ಹೊರಡು ಅನ್ನೋಕೂ ಅದೇ ಅಂತ ನಮಗೆ ಗೊತ್ತಿತ್ತು. ಉಪ್ಪಿಗೂ ಅದೇನಾ?” ಅವಳು ಬಿಡಿಸಿ ಹೇಳಿದ್ದನ್ನು ಕೇಳಿ ಡ್ರೈವರ್ ಬಾಯಿಬಿಟ್ಟ.

“ಏನೇ ಆಗಲಿ, ಮದುವೆಯಾದ ಮೇಲೆ ನಾನು ಹೇಳಿದ್ದಕ್ಕೆಲ್ಲ ರೈಟ್ ಅಂತಿರೋದು ಈಗಲೇ.”

“ರೈಟ್ ರೈಟ್!” ಎಂದು ಸಿಡುಕಿದರು ಕಂಡಕ್ಟರ್. ಅದಕ್ಕೆ ಅರ್ಥ ಹೇಳಬೇಕಿರಲಿಲ್ಲ, ಇಬ್ಬರೂ ನಕ್ಕರು.

ನಗು ನಿಂತ ಮೇಲೆ ಅವಳು ದನಿ ತಗ್ಗಿಸಿದಳು. “ವ್ಯಾಯಾಮ ಮಾಡಿಸೋ ಹುಡುಗಿ ಬೆಳಿಗ್ಗೆ ಹೇಳಿಹೋದ್ಲು. ಕಾಲಲ್ಲಿ ಶಕ್ತಿ ಇದೆಯಂತೆ. ಹಿಡಿದು ಎಬ್ಬಿಸಿದರೆ ನಿಲ್ತಾರೆ, ಹೆಜ್ಜೆ ಮಾತ್ರ ಇಡಲ್ಲ. ಹೀಗೇ ಕೂತುಬಿಟ್ರೆ ಕಾಲು ಮರಗಟ್ಟುತ್ತಂತೆ. ಆಮೇಲೆ ದೇವರು ಬಂದ್ರೂ ಆಗಲ್ಲ ಅಂದ್ಲು.”

ಡ್ರೈವರ್ ಗಲ್ಲ ಕೆರೆದುಕೊಂಡ. ಆಮೇಲೆ ಎದ್ದು, ಅವಳ ಜೊತೆ ಸೇರಿ ಕಂಡಕ್ಟರನ್ನು ನಿಲ್ಲಿಸಿದ. ತಾನು ಅವರಿಗೆ ಬೆನ್ನು ಕೊಟ್ಟು ಮುಂದೆ ನಿಂತು, ಅವರ ಗಟ್ಟಿ ಕೈಯನ್ನು ತನ್ನ ಹೆಗಲ ಮೇಲೆ ಇಟ್ಟುಕೊಂಡ. ಗಾಳಿಯಲ್ಲಿ ಸ್ಟೇರಿಂಗ್ ಹಿಡಿದ.

“ಅಣ್ಣ, ಗಾಡಿ ರೆಡಿ. ನೀನು ಹೇಳದೆ ನಾನು ಯಾವತ್ತಾದ್ರೂ ಕದಲಿದ್ದೀನಾ? ಅತ್ತಿಗೆ, ನೀವು ಹಿಂದಿನಿಂದ ಹತ್ತಿ, ಅಣ್ಣನ ಸೊಂಟ ಹಿಡ್ಕೊಳ್ಳಿ.”

“ನಂಗೂ ಟಿಕೆಟ್ಟಾ?”

“ನಿಮಗೆ ಪಾಸ್ ಇದೆಯಲ್ಲ, ಮದುವೆ ದಿನ ಕೊಟ್ಟಿದ್ದು.”

ಡ್ರೈವರ್ ತುಟಿಯಲ್ಲೇ ಬುರ್ರೆಂದು ಇಂಜಿನ್ ಶುರು ಮಾಡಿದ. ಆಮೇಲೆ ಮೆಲ್ಲಗೆ ಹಾರ್ನ್ ಕೊಟ್ಟ. ಕಂಡಕ್ಟರ ಬೆರಳು ಅವನ ಹೆಗಲ ಮೇಲೆ ಬಿಗಿಯಾಯಿತು.

“ರೈಟ್,” ಎಂದರು.

ಅವಳು ಎಷ್ಟೋ ವರ್ಷ ನಿಲ್ದಾಣದಲ್ಲಿ ನಿಂತು ಕೇಳಿದ್ದ ದನಿ ಅದು. ಡ್ರೈವರ್ ಒಂದು ಹೆಜ್ಜೆ ಇಟ್ಟ. ಸೋತ ಕಾಲು ನೆಲ ಕೆರೆದುಕೊಂಡು ಹಿಂದೆಯೇ ಬಂತು. ನಿಂತರು. ಮತ್ತೆ ರೈಟ್, ಮತ್ತೊಂದು ಹೆಜ್ಜೆ. ಗಾಡಿ ಮಂಚ ದಾಟಿತು, ಕಿಟಕಿ ದಾಟಿತು. ತಾನು ಉಸಿರು ಬಿಟ್ಟರೂ ಎಲ್ಲಿ ಗಾಡಿ ನಿಂತುಬಿಡುತ್ತದೋ ಎಂದು ಅವಳು ಬಿಗಿಹಿಡಿದು ನಡೆದಳು.

ಬಾಗಿಲ ಹತ್ತಿರ ಬರುವಾಗ ಅಡುಗೆಮನೆಯಲ್ಲಿ ಚುಸ್ ಎಂದಿತು.

“ಅಯ್ಯೋ, ಹಾಲು!”

ಕೈ ಬಿಟ್ಟು ಓಡಿದಳು. ಸ್ಟೇರಿಂಗ್‌ನಲ್ಲಿ ಮೈಮರೆತಿದ್ದ ಡ್ರೈವರ್ ಅದನ್ನು ನೋಡಲಿಲ್ಲ. ಗೇರ್ ಬದಲಿಸಿ ಮುಂದಿನ ಹೆಜ್ಜೆಗೆ ಕಾಲೆತ್ತಿದ.

“ಹೋಲ್ಡಾನ್!”

ಬಸ್ ನಿಲ್ಲಿಸಲು ಕಂಡಕ್ಟರ್ ಕೂಗುತ್ತಿದ್ದ ಹಳೆಯ ಮಾತು, ಬೀದಿಗೆಲ್ಲ ಕೇಳಿಸುವಂತೆ. ಡ್ರೈವರ್ ಎತ್ತಿದ ಕಾಲನ್ನು ಎತ್ತಿದಂತೆಯೇ ಹಿಡಿದು ನಿಂತ. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು. ಆರಿಸಲು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು, ಸೆರಗಿನಲ್ಲಿ ಕಣ್ಣೊರೆಸುತ್ತ ಅವಳು ಓಡಿಬಂದಳು.

“ಬಂದೆ, ಬಂದೆ ರೀ! ನನ್ನನ್ನ ಬಿಟ್ಟು ಹೋಗ್ಬೇಡಿ!”