ಗುರುವಾರದ ಮ್ಯಾಟಿನಿ

"ಸರ್, ನೀವಾ?"

ವಿರಾಮದ ದೀಪಗಳು ಹತ್ತಿ ಅರ್ಧ ನಿಮಿಷವೂ ಆಗಿರಲಿಲ್ಲ. ಹಿಂದಿನ ಸಾಲಿನಿಂದ ಬಂದ ಹೆಣ್ಣುದನಿಗೆ ಮೇಷ್ಟ್ರ ಬೆನ್ನು ಸೆಟೆಯಿತು. ಟೋಪಿಯನ್ನು ಹಣೆಯವರೆಗೆ ಎಳೆದುಕೊಂಡಿದ್ದರು. ಕಪ್ಪು ಕನ್ನಡಕ ಹಾಕಿದ್ದರು. ಗೋಡೆಯ ಪಕ್ಕದ ಮೂಲೆ ಸೀಟು ಹಿಡಿದಿದ್ದರು. ಆದರೂ ಸಿಕ್ಕಿಬಿದ್ದರು.

ತಲೆ ತಿರುಗಿಸಲಿಲ್ಲ. ಕೇಳಿಸದವರಂತೆ ಕೂತರೆ ಹೋದಾಳು ಎಂದುಕೊಂಡರು.

ಹೋಗಲಿಲ್ಲ. ಪಕ್ಕದ ಸೀಟು ಕಿರ್ರೆಂದಿತು. "ನಾನು ಸರ್. ನಿಮ್ಮ ಕ್ಲಾಸಲ್ಲಿ ಕಿಟಕಿ ಪಕ್ಕ ಕೂರ್ತಿದ್ದೋಳು."

ಗುರುತು ಸಿಕ್ಕಿತು.

ಸಿನಿಮಾ ನೋಡುವುದು ಹೇಗೆಂದು ಮೇಷ್ಟ್ರು ಮೂವತ್ತು ವರ್ಷ ಪಾಠ ಹೇಳಿದ್ದರು. ವಾರಕ್ಕೊಂದು ಅಂಕಣ ಅವರದು. ಚಿತ್ರೋತ್ಸವಕ್ಕೆ ಚಿತ್ರಗಳನ್ನು ಆರಿಸುವ ಸಮಿತಿಗೆ ಅವರೇ ಅಧ್ಯಕ್ಷರು. ಸಿನಿಮಾದವರು ಬೆನ್ನ ಹಿಂದೆ ಅವರನ್ನು 'ಕತ್ತರಿ' ಎನ್ನುತ್ತಿದ್ದರು. 'ಕಿಡಿಪಡೆ'ಯ ಮೊದಲ ಭಾಗ ಬಂದಾಗ, ಇದಕ್ಕೆ ಹೋಗುವವರು ಮೆದುಳನ್ನು ಒದ್ದೆ ಛತ್ರಿಯಂತೆ ಬಾಗಿಲಲ್ಲೇ ಬಿಟ್ಟು ಹೋಗಬೇಕು ಎಂದು ಬರೆದಿದ್ದರು. ಆ ಮಾತನ್ನು ಜನ ಇಂದಿಗೂ ಹೇಳಿಕೊಂಡು ನಗುತ್ತಿದ್ದರು.

ಈಗ ನಡೆಯುತ್ತಿದ್ದುದು ಅದೇ ಕಿಡಿಪಡೆಯ ಏಳನೇ ಭಾಗ. ಮೇಷ್ಟ್ರು ಇದಕ್ಕೆ ಬಂದಿದ್ದು ಮೂರನೇ ಸಲ.

ಅವರಿಗೆ ಇದು ಇಷ್ಟವಾಗಿತ್ತು. ನಾಚಿಕೆಗೇಡು ಅದೇ. ಇಲ್ಲಿ ಏನನ್ನೂ ಊಹಿಸಬೇಕಿರಲಿಲ್ಲ. ನಾಯಕ "ತಗೋ!" ಎಂದು ಕೂಗಿಯೇ ಹೊಡೆಯುತ್ತಿದ್ದ. ಗಾಜು ಒಡೆದರೆ ಸೀಟು ನಡುಗುತ್ತಿತ್ತು. ಲಾರಿ ಎಡಗಿವಿಯಿಂದ ನುಗ್ಗಿ ಬಲಗಿವಿಯಲ್ಲಿ ಮಗುಚುತ್ತಿತ್ತು. ಜನ ಶಿಳ್ಳೆ ಹಾಕಿದರೆ ಮೇಷ್ಟ್ರಿಗೂ ನಗು ಉಕ್ಕುತ್ತಿತ್ತು. ಘನ ಗಂಭೀರ ಚಿತ್ರಗಳು ಈಗೀಗ ಅವರನ್ನು ಹೊಸ್ತಿಲ ಆಚೆಯೇ ನಿಲ್ಲಿಸಿಬಿಡುತ್ತಿದ್ದವು. ಇದು ಕೈಹಿಡಿದು ಒಳಗೆ ಕರೆದುಕೊಳ್ಳುತ್ತಿತ್ತು.

ಅವರನ್ನು ತಂದು ಕೂರಿಸಿದ್ದು ತಂಗಿ. "ಈ ಗಲಾಟೆ ನನ್ನ ಕೈಲಾಗಲ್ಲಪ್ಪ, ಮುಗಿದ ಮೇಲೆ ಬರ್ತೀನಿ" ಎಂದು ಹೋಗಿದ್ದಳು. ಗುಟ್ಟು ಗೊತ್ತಿದ್ದವಳು ಅವಳೊಬ್ಬಳೇ. ಅವಳು ಬರಲು ಇನ್ನೂ ಒಂದೂಕಾಲು ಗಂಟೆ. ಅಲ್ಲಿಯವರೆಗೆ ಏಳುವಂತಿಲ್ಲ. ಎದ್ದರೆ ಕತೆ ಮುಗಿದಂತೆ.

"ನೀನೇನಮ್ಮಾ ಇಲ್ಲಿ?" ಎಂದರು.

"ಇಲ್ಲೇ ಕೆಲಸ ಸರ್. ಟಾರ್ಚ್ ಹಿಡಿದು ಸೀಟು ತೋರಿಸೋದು. ಮೂರು ಗುರುವಾರದಿಂದ ನಿಮ್ಮನ್ನ ನೋಡ್ತಿದೀನಿ." ಸ್ವಲ್ಪ ತಡೆದಳು. "ನನ್ನ ಸಿನಿಮಾನ ಯಾರೂ ತಗೊಳ್ಳಲಿಲ್ಲವಲ್ಲ."

ಆರು ವರ್ಷ ಒದ್ದಾಡಿ ಮಾಡಿದ ಚಿತ್ರ. ಮೇಷ್ಟ್ರ ಅಂಕಣ ಬಂದ ವಾರವೇ ಚಿತ್ರೋತ್ಸವದ ಪಟ್ಟಿಯಿಂದ ಬಿದ್ದುಹೋಗಿತ್ತು.

"ನೀವು ಅದನ್ನ ನೋಡಿದ್ರಾ ಸರ್?"

"ಬರೆದಿದ್ದೆನಲ್ಲಮ್ಮಾ."

"ಬರೆದಿದ್ರಿ. ಹನ್ನೊಂದು ನಿಮಿಷ ಖಾಲಿ ಮನೆ ತೋರಿಸುವ ಸೊಕ್ಕು ಅಂತ. ಬಾಯಿಪಾಠ ಆಗಿದೆ ನನಗೆ." ಅವಳ ದನಿ ಹತ್ತಿರವಾಯಿತು. "ಆ ಮನೆ ಖಾಲಿ ಇತ್ತಾ ಸರ್?"

"ಖಾಲಿ ಅಲ್ಲದೆ ಇನ್ನೇನು? ಹನ್ನೊಂದು ನಿಮಿಷ ಪಿಟ್ಟೆನ್ನೋ ಸದ್ದಿಲ್ಲ."

"ಸರಿಯಾಗಿ ಹೇಳಿ. ಒಳಗೆ ಯಾರೂ ಇಲ್ಲದೆ ಖಾಲಿ ಇತ್ತಾ?"

"ಇತ್ತು" ಎಂದರು ಮೇಷ್ಟ್ರು, ತರಗತಿಯ ದನಿಯಲ್ಲಿ.

ಅವಳ ಚೀಲದ ಜಿಪ್ ಸರಿಯಿತು. ಹಾಳೆ ಹರಿಯಿತು. ಪೆನ್ನು ಪರಪರ ಓಡಿ ಬೇಗನೆ ನಿಂತಿತು.

"'ಇಂಥ ಸಿನಿಮಾನ ನಾನೂ ನೋಡ್ತೀನಿ, ಇಷ್ಟಪಟ್ಟು ನೋಡ್ತೀನಿ' ಅಂತ ನಿಮ್ಮ ಹೆಸರಲ್ಲಿ ಬರೆದಿದೀನಿ. ಸಹಿ ಹಾಕಿಕೊಡಿ. ಭಾನುವಾರ ಚಿತ್ರಸಂಘದ ಸಭೇಲಿ ಓದ್ತೀನಿ."

"ಹಾಕದಿದ್ರೆ?"

"ಬೇಡ ಅಂದ್ರೆ ಬಿಡಿ. ಎದ್ದು ನಡೀರಿ. ನಾನೇನು ತಡೆಯಲ್ಲ."

ಮೇಷ್ಟ್ರು ಏಳಲಿಲ್ಲ. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಇವಳು. ಲೆಕ್ಕ ಹಾಕಿದರು. ಜನ ನಗುತ್ತಾರೆ. ಎಷ್ಟು ದಿನ ನಕ್ಕಾರು? ಒಂದು ವಾರ, ಹೆಚ್ಚೆಂದರೆ ಎರಡು. ಡಾಂಭಿಕ ಎನ್ನುತ್ತಾರೆ. ಎನ್ನಲಿ. ಡಾಂಭಿಕನಿಗೆ ಅಂಕಣವೂ ಉಳಿಯುತ್ತದೆ, ಅಧ್ಯಕ್ಷನ ಕುರ್ಚಿಯೂ ಉಳಿಯುತ್ತದೆ. ಇವಳು ಇಷ್ಟಕ್ಕೇ ತೃಪ್ತಳಾಗಿ ಎದ್ದು ಹೋದರೆ ಬಚಾವು.

"ಕೊಡು" ಎಂದು ಕೈ ಚಾಚಿದರು.

ಹಾಳೆಯನ್ನು ಮುಖದ ಮುಂದೆ ಹಿಡಿದರು. ಒಂದು ಪುಟ ಓದಲು ಬೇಕಾದಷ್ಟು ಹೊತ್ತು ಹಿಡಿದರು. ಗಂಟಲು ಸರಿಮಾಡಿಕೊಂಡರು.

"ವಿಷಯ ಸರಿಯಾಗೇ ಇದೆ. ಭಾಷೆ ಇನ್ನೂ ಸ್ವಲ್ಪ ಬಿಗಿಯಾಗಬೇಕಿತ್ತು. ಕೊನೇ ವಾಕ್ಯ ಬೇಕಿರಲಿಲ್ಲ."

"ಇರಲಿ ಬಿಡಿ ಸರ್. ಎಲ್ಲ ನಿಮ್ಮ ಹತ್ತಿರ ಕಲಿತದ್ದೇ." ಅವಳ ದನಿ ಯಾಕೋ ಒಡೆದಿತ್ತು. ಚೀಲವನ್ನು ಅವರ ತೊಡೆಯ ಮೇಲಿಟ್ಟಳು, ಅದರ ಮೇಲೆ ಹಾಳೆ. ಉಗುರಿನಿಂದ ಟಕಟಕ ಎಂದು ಬಡಿದಳು. "ಇಲ್ಲಿ."

ಮೇಷ್ಟ್ರು ಟಕಟಕ ಎಂದ ಜಾಗದಲ್ಲಿ ಸಹಿ ಹಾಕಿದರು. ನಲವತ್ತು ವರ್ಷದ ಅಭ್ಯಾಸ. ಒಂದು ಅಕ್ಷರವೂ ಸೊಟ್ಟಗಾಗಲಿಲ್ಲ. ಎದೆಯ ಭಾರ ಇಳಿದಂತಾಗಿ ಉದ್ದ ಉಸಿರು ಬಿಟ್ಟರು.

ಗಂಟೆ ಹೊಡೆಯಿತು. ಜನ ಒಳಗೆ ಬರತೊಡಗಿದರು. ಅವಳು ಎದ್ದು ನಿಂತಳು. ಅವರ ಕಿವಿಯ ಬಳಿ ಬಗ್ಗಿ, ಅವರು ಸಹಿ ಹಾಕಿದ ಹಾಳೆಯಲ್ಲಿದ್ದ ಒಂದೇ ಒಂದು ಸಾಲನ್ನು ಮೆಲ್ಲಗೆ ಓದಿ ಹೇಳಿದಳು:

"'ನನಗೆ ಕಣ್ಣು ಕಾಣುವುದಿಲ್ಲ.'"