ದಾರಿ ಬಿಡುವ ಕೊಡ

ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಅದರ ಮೂರು ಕಾಲುಗಳಿಗೆ ಎಣ್ಣೆ ಬಿಟ್ಟೆ. ನಮ್ಮ ಓಣಿಯಲ್ಲಿ ಕೊಡಗಳೇ ನಡೆದುಹೋಗಿ ನಲ್ಲಿಯಿಂದ ನೀರು ತರುತ್ತವೆ. ಪ್ರೋಗ್ರಾಂ ಬರೆಯುವುದು ಮಾತ್ರ ಆಯಾ ಮನೆಯವರ ಕೆಲಸ. ಏಳನೇ ತರಗತಿಗೆ ಶಾಲೆ ಬಿಟ್ಟ ನಾನು ಫೋನ್ ನೋಡಿಯೇ ಅದನ್ನು ಕಲಿಯುತ್ತಿದ್ದೆ. ಕೊಡ ಮೆಟ್ಟಿಲು ಇಳಿದ ದಿನ ಊಟ ಮರೆತು ಬರೆದೆ. ಚರಂಡಿಗೆ ಬಿದ್ದ ದಿನ ಫೋನನ್ನು ಹಾಸಿಗೆಯ ಕೆಳಗೆ ತುರುಕಿದೆ.

ಈಗ ಅದು ಬೀಳುತ್ತಿರಲಿಲ್ಲ. ಆದರೂ ಖಾಲಿಯಾಗಿಯೇ ಬರುತ್ತಿತ್ತು.

"ಇವತ್ತೂ ಬರಿಗೊಡ ಬಂದ್ರ ಗುಜರಿಗೆ ಹಾಕ್ತೀನಿ ನೋಡವ್ವಾ," ಎಂದಳು ಅತ್ತಿಗೆ ಶಾವಂತ್ರಿ. "ನಿನ್ನ ಕಲಿಯೋದೂ ಅದರ ಕೂಡನ ಹೋಗ್ಲಿ."

ಕೊಡದ ಹಿಂದೆಯೇ ಹೋದೆ. ನಲ್ಲಿಯ ಬಳಿ ಬೇರೆ ಕೊಡಗಳು ತಮ್ಮ ಒಡತಿಯರ ದನಿಯಲ್ಲೇ ಜಗಳಾಡುತ್ತಿದ್ದವು.

"ಏ, ಸರಿ ಅತ್ಲಾಗ. ನಿಮ್ಮಪ್ಪನ ನಲ್ಲಿ ಏನಿದು?"

ನಮ್ಮದು ಮಾತ್ರ ಎಲ್ಲರಿಗೂ ದಾರಿ ಬಿಡುತ್ತ ಗೋಡೆಗೆ ಅಂಟಿಕೊಂಡಿತ್ತು. ಫೋನ್ ತೆಗೆದು ತಪ್ಪು ಹುಡುಕಿದೆ. 'ಯಾರಾದರೂ ಬಂದರೆ ಪಕ್ಕಕ್ಕೆ ಸರಿ' ಎಂದು ನಾನೇ ಬರೆದಿದ್ದೆ. ಬರೆಯುವಾಗ ಅದು ತೀರ ಸಹಜವೆನಿಸಿತ್ತು.

ನಗು ಬಂತು. ಆ ಸಾಲನ್ನು ಅಳಿಸಿದೆ. ಅಲ್ಲಿ ಬೇರೆ ಮಾತು ಬೇಕಿತ್ತು, ಅದೂ ನನ್ನದೇ ದನಿಯಲ್ಲಿ. ಅಂಥ ಮಾತನ್ನು ನಾನು ಯಾವತ್ತೂ ಆಡಿರಲಿಲ್ಲ. ನೀರು ನಿಲ್ಲುವ ಹೊತ್ತಾಗಿತ್ತು. ಫೋನನ್ನು ಬಾಯಿಯ ಹತ್ತಿರ ಹಿಡಿದೆ.

"ಈಗ ನಮ್ಮ ಪಾಳಿ. ಸ್ವಲ್ಪ ಸರೀರಿ."

ಕೊಡ ಅದನ್ನೇ ನನ್ನ ದನಿಯಲ್ಲಿ ಹೇಳುತ್ತ ಗೋಡೆ ಬಿಟ್ಟು ನಲ್ಲಿಯತ್ತ ನಡೆಯಿತು; ಉಳಿದ ಕೊಡಗಳು ದಾರಿ ಬಿಟ್ಟವು.